ಬೆಳ್ಳಕ್ಕಿಯನ್ನು ನಿಲ್ಲಿಸಿದ ಶುಕ್ರವಾರ

ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ಕಾಲೇಜಿನ ಕರೆಂಟು ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ, ಅಷ್ಟರೊಳಗೆ ಬೆಳ್ಳಕ್ಕಿಯನ್ನು ನಿಲ್ಲಿಸಿಬಿಡಿ ಎಂದು ಫಾಂಗ್ ಸೋಮವಾರ ಬೆಳಿಗ್ಗೆಯೇ ಹೇಳಿದ. ಕಾಲೇಜು ಮುಚ್ಚುವ ಕೆಲಸಕ್ಕೆಂದೇ ಆಡಳಿತ ಮಂಡಳಿಯವರು ತೈಪೆಯಿಂದ ಕರೆಸಿಕೊಂಡಿದ್ದ ಮೂವತ್ನಾಲ್ಕರ ಮುಖ್ಯಸ್ಥ ಅವನು. ಕೇಳಿಸಿಕೊಂಡವಳು ಯೆನ್ ಪಾವ್-ಚೂ. ಅವಳಿಗೆ ಐವತ್ತೆರಡು. ಇಪ್ಪತ್ತೇಳು ವರ್ಷದಿಂದ ಅದೇ ಕಂಪ್ಯೂಟರ್ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂತವಳು. ಹೊರಗೆ ಯೂನ್‌ಲಿನ್ ಸೀಮೆಯ ಬಿಸಿಲು ನೆತ್ತಿ ಸುಡುತ್ತಿದ್ದರೂ ಆ ಕೋಣೆಯಲ್ಲಿ ವರ್ಷವಿಡೀ ಚಳಿ.

ಬೆಳ್ಳಕ್ಕಿ ಎಂಬುದು ಆ ಕೋಣೆಯ ಮೂಲೆಯಲ್ಲಿದ್ದ ಯಂತ್ರದ ಹೆಸರು. ಅದರೊಳಗಿದ್ದ ಊರಕಟ್ಟೆಗೂ ಅದೇ ಹೆಸರು. ಫೋನಿನ ತಂತಿ ಹಿಡಿದು ನೂರಾರು ಜನ ಒಟ್ಟಿಗೇ ಒಳಗೆ ಬರಬಹುದು, ಹರಟಬಹುದು, ಜಗಳವಾಡಬಹುದು, ಒಬ್ಬರಿಗೊಬ್ಬರು ಕಾಗದ ಬರೆಯಬಹುದು. ಚಿತ್ರವಿಲ್ಲ, ಹಾಡಿಲ್ಲ, ಬರೀ ಅಕ್ಷರ. ಒಂದು ಕಾಲಕ್ಕೆ ಪರೀಕ್ಷೆಯ ಹಿಂದಿನ ದಿನ ಎಂಟುನೂರು ಹುಡುಗರು ತುಂಬಿಕೊಂಡು ಯಂತ್ರ ಏದುಸಿರು ಬಿಡುತ್ತಿತ್ತು. ಈಗ ದಿನಕ್ಕೆ ಹತ್ತೋ ಹನ್ನೆರಡೋ ಮಂದಿ. ಕಾಲೇಜಿನ ಪಾಡೂ ಅದೇ. ಮಕ್ಕಳು ಹುಟ್ಟುವುದೇ ನಿಂತುಹೋದ ನಾಡಿನಲ್ಲಿ ವಿದ್ಯಾರ್ಥಿಗಳು ಆಕಾಶದಿಂದ ಉದುರುತ್ತಾರೆಯೇ? ಹೋದ ವರ್ಷ ಸೇರಿದವರು ನಲವತ್ತೊಂದು ಜನ. ಈ ವರ್ಷ ಅರ್ಜಿಯನ್ನೇ ಕರೆಯಲಿಲ್ಲ.

ಉಳಿದ ಹತ್ತು ಹನ್ನೆರಡು ಮಂದಿಯಲ್ಲಿ ಅರ್ಧಕ್ಕರ್ಧ ಕಣ್ಣಿಲ್ಲದವರು. ಬಣ್ಣಬಣ್ಣದ ಹೊಸ ತಾಣಗಳಲ್ಲಿ ಅವರು ತಡವರಿಸುತ್ತಾರೆ. ಬೆಳ್ಳಕ್ಕಿಯ ಬರೀ ಅಕ್ಷರ ಮಾತ್ರ ಅವರ ಕೀಲಿಮಣೆಯ ಕೆಳಗಿನ ಬ್ರೈಲ್ ಪಟ್ಟಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಎದ್ದು ಬೆರಳಿಗೆ ಸಲೀಸಾಗಿ ಸಿಗುತ್ತಿತ್ತು. ಅಂಥವರಲ್ಲೊಬ್ಬ ತೂ ಚಿನ್-ಶುಯ್. ಅರವತ್ತೆಂಟು ವರ್ಷ, ಹುಟ್ಟುಕುರುಡ, ಶೀಲ್ವೋ ಪೇಟೆಯಲ್ಲಿ ಸೋಯಾ ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲಿ ಅವನ ಮಾಲೀಶು ಅಂಗಡಿ. ಸುದ್ದಿ ತಿಳಿದ ಸೋಮವಾರ ಮಧ್ಯಾಹ್ನವೇ ಅವನು ಫೋನು ಮಾಡಿದ.

"ಏನಮ್ಮಾ ಪಾವ್-ಚೂ, ಗಂಟುಮೂಟೆ ಕಟ್ತಿದೀರಂತೆ?"

"ನಾನೆಲ್ಲಿ ಕಟ್ಲಿ ತೂ ಅಣ್ಣ. ಕಟ್ಟೋರು ಮೇಲಿಂದ ಬಂದಿದಾರೆ. ಶುಕ್ರವಾರ ನಾಲ್ಕಕ್ಕೆ ಮುಗೀತು."

"ಅಲ್ಲಾ, ನಮ್ಮವಳ ಕಾಗದಗಳು ಅದರಲ್ಲೇ ಇದಾವಲ್ಲ?"

"ಗೊತ್ತು. ತೆಗೆದುಕೊಡ್ತೀನಿ."

"ಹೊಸ ಜಾಗಕ್ಕೆ ಹಾಕ್ತೀಯೋ, ಕೈಗೆ ಕೊಡ್ತೀಯೋ?"

"ಕೈಗೇ ಕೊಡ್ತೀನಿ. ಮುಂದಿನ ಸೋಮವಾರ ನಿಮ್ಮ ಅಂಗಡಿ ರಜ ಅಲ್ವಾ, ನಾನೇ ತರ್ತೀನಿ. ಟೀ ಕುದಿಸಿಟ್ಟಿರಿ."

"ಟೀ ಏನು, ಬೆನ್ನನ್ನೂ ಉಜ್ಜಿಕೊಡ್ತೀನಿ. ಇಪ್ಪತ್ತೇಳು ವರ್ಷ ಆ ತಂಗಳುಪೆಟ್ಟಿಗೇಲಿ ಕೂತು ನಿನ್ನ ಬೆನ್ನು ಹಲಗೆ ಆಗಿರತ್ತೆ," ಎಂದು ನಕ್ಕು ಫೋನು ಇಟ್ಟ.

ಆ ಕಾಗದಗಳ ಕಥೆ ಪಾವ್-ಚೂಗೆ ಚೆನ್ನಾಗಿ ಗೊತ್ತಿತ್ತು. ಚಿನ್-ಶುಯ್‌ನ ಹೆಂಡತಿ ಸೂ-ಲ್ವಾನ್ ಕೂಡ ಕಣ್ಣಿಲ್ಲದವಳೇ. ಇಬ್ಬರಿಗೂ ಪರಿಚಯವಾದದ್ದು ಬೆಳ್ಳಕ್ಕಿಯಲ್ಲೇ, ಯಾವುದೋ ರೇಡಿಯೋ ನಾಟಕದ ವಿಷಯಕ್ಕೆ ಹಾವು ಮುಂಗುಸಿಯಂತೆ ಕಚ್ಚಾಡಿ. ಮದುವೆಯಾಗಿ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ ಮೇಲೂ ಇಬ್ಬರೂ ಬೇರೆ ಬೇರೆ ಹೆಸರಿನಲ್ಲಿ ಒಳಗೆ ಬಂದು ಜಗಳ ಮುಂದುವರಿಸುತ್ತಿದ್ದರು. ಆಮೇಲೆ ಅವಳಿಗೆ ಕಾಯಿಲೆ ಬಂತು. ಮಲಗಿದಲ್ಲೇ ಎರಡು ವರ್ಷ. ಆ ಎರಡು ವರ್ಷ, ಊಟವಾದ ಮೇಲೆ, ಅವಳು ತನ್ನ ಹೆಸರಿಗೇ ತಾನು ಒಂದೊಂದು ಕಾಗದ ಬರೆದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂತ ಗಂಡನಿಗೆ ಕೀಲಿಗಳ ಟಕಟಕ ಕೇಳುತ್ತಿತ್ತು, ಏನು ಬರೆದಳೆಂದು ತಿಳಿಯುತ್ತಿರಲಿಲ್ಲ. ಹೋಗುವ ಮುಂಚೆ ಗುಟ್ಟಿನ ಪದವನ್ನು ಅವನ ಕಿವಿಯಲ್ಲಿ ಹೇಳಿದಳು. ನಾನು ಹೋದ ಮೇಲೆ ಓದು, ಆದರೆ ವಾರಕ್ಕೆ ಒಂದೇ, ಒಂದೇ ಏಟಿಗೆ ಓದಿ ಮುಗಿಸಿ ನನ್ನನ್ನು ಮುಗಿಸಿಬಿಡಬೇಡ ಎಂದಳು.

ಒಟ್ಟು ಆರುನೂರ ನಲವತ್ತು ಕಾಗದ. ಆರು ವರ್ಷದಿಂದ ಅವನು ಪ್ರತಿ ಸೋಮವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿಕೊಂಡು, ಅವಳ ಹೆಸರಿನಲ್ಲಿ ಒಳಗೆ ಬಂದು, ಒಂದು ಕಾಗದ ಓದುತ್ತಿದ್ದ. ಅದರಿಂದ ಇನ್ನೊಂದು ಉಪಕಾರವೂ ಆಗುತ್ತಿತ್ತು. ನಾಲ್ಕು ತಿಂಗಳು ಯಾರು ಒಳಗೆ ಕಾಲಿಡುವುದಿಲ್ಲವೋ ಅವರ ಹೆಸರನ್ನೂ ಕಾಗದವನ್ನೂ ಬೆಳ್ಳಕ್ಕಿ ತಾನಾಗಿ ಅಳಿಸಿಹಾಕುತ್ತಿತ್ತು. ನಮ್ಮ ಕಡೆಯ ಇಂಥ ಕಟ್ಟೆಗಳಲ್ಲೆಲ್ಲ ಅದೇ ಕಟ್ಟಳೆ. ಸತ್ತವಳು ವಾರಕ್ಕೊಮ್ಮೆ ಬಂದುಹೋಗುತ್ತಿದ್ದಳಾದ್ದರಿಂದ ಉಳಿದುಕೊಂಡಳು. ಒಮ್ಮೆ ಪಾವ್-ಚೂ, "ಇನ್ನೂ ಎಷ್ಟು ಬಾಕಿ ತೂ ಅಣ್ಣ?" ಎಂದು ಕೇಳಿದ್ದಳು. "ಮುನ್ನೂರ ಇಪ್ಪತ್ತು ಚಿಲ್ಲರೆ ಇದೆ ಕಣಮ್ಮಾ. ಇನ್ನಾರು ವರ್ಷಕ್ಕೆ ಬರತ್ತೆ. ಅಷ್ಟೊತ್ತಿಗೆ ನನಗೂ ಎಪ್ಪತ್ನಾಲ್ಕು. ಅವಳೂ ನಾನೂ ಜೊತೇಲೇ ಮುಗೀತೀವಿ ಬಿಡು," ಎಂದಿದ್ದ.

ಚಿನ್-ಶುಯ್ ತಾನೇ ತೆಗೆದಿಟ್ಟುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮೊದಲಾದರೆ ಕಾಗದಗಳನ್ನು ಕಟ್ಟಿ ಹೊರಗಿನ ವಿಳಾಸಕ್ಕೆ ಕಳಿಸುವ ಏರ್ಪಾಡು ಬೆಳ್ಳಕ್ಕಿಯಲ್ಲೇ ಇತ್ತು. ಅದು ಕೆಟ್ಟು ಮೂರು ವರ್ಷವಾಗಿತ್ತು, ರಿಪೇರಿ ಮಾಡಿಸಿ ಎಂದು ಪಾವ್-ಚೂ ಬರೆದ ಅರ್ಜಿಗಳು ಯಾವ ಕಪಾಟಿನಲ್ಲಿವೆಯೋ ದೇವರಿಗೇ ಗೊತ್ತು. ಒಂದೊಂದಾಗಿ ತೆಗೆಯೋಣವೆಂದರೆ ಪ್ರತಿಯೊಂದೂ ಅವನ ಬೆರಳ ಕೆಳಗೇ ಹಾದುಹೋಗಬೇಕು. ಬೆರಳು ಓದದೆ ಇದ್ದೀತೇ? ಕೊಟ್ಟ ಮಾತು ಮುರಿಯುತ್ತದೆ. ಹಾಗಾಗಿ ಪಾವ್-ಚೂ ಒಬ್ಬಳೇ ಗತಿ.

ಬುಧವಾರ ಅವಳು ಆ ಕೆಲಸಕ್ಕೆ ಕೂತಳು. ಕಟ್ಟೆಯ ಮಾತುಕತೆಯನ್ನೆಲ್ಲ ಬೇರೆ ಯಂತ್ರಕ್ಕೆ ಇಳಿಸಿದಳು. ಆಮೇಲೆ ಕಾಗದ ಬೇಕೆಂದು ಕೇಳಿದ್ದ ಹನ್ನೆರಡು ಮಂದಿಯ ಪೆಟ್ಟಿಗೆಗಳನ್ನು ಒಂದೊಂದಾಗಿ ನಕಲು ಮಾಡಿದಳು. ಕೆಲಸದಲ್ಲಿ ಅವಳು ಅಚ್ಚುಕಟ್ಟು. ಪ್ರತಿಯೊಬ್ಬರ ನಕಲನ್ನೂ ಬಿಚ್ಚಿ, ಪಟ್ಟಿ ನೋಡಿ, ಒಂದು ಕಾಗದ ತೆರೆದು, ಎರಡು ಸಾಲು ಸರಿಯಾಗಿ ಬರುತ್ತದೆಯೇ ಎಂದು ಪರೀಕ್ಷಿಸಿ, ಹಾಳೆಯ ಮೇಲೆ ಗುರುತು ಹಾಕಿದಳು. ಹನ್ನೊಂದು ಮಂದಿಗೆ ಹೀಗೆ ಮಾಡಿದಳು.

ಹನ್ನೆರಡನೆಯವಳು ಸೂ-ಲ್ವಾನ್. ನಕಲು ಬಿಚ್ಚಿದಳು. ಪಟ್ಟಿ ಬಂತು. ಆರುನೂರ ನಲವತ್ತು ಸಾಲು, ಪ್ರತಿ ಸಾಲಿಗೂ ತಾರೀಖು. ಓದಿದ್ದಕ್ಕೆ ಒಂದು ಗುರುತು, ಓದದ್ದಕ್ಕೆ ಇನ್ನೊಂದು. ಒಂದನ್ನು ತೆರೆಯಲು ಬೆರಳು ಕೀಲಿಯವರೆಗೂ ಹೋಗಿತ್ತು. ಅಲ್ಲೇ ನಿಂತಿತು. ಗಂಡನೇ ಓದದ ಕಾಗದ. ಸತ್ತ ಹೆಂಗಸು ತನಗೇ ಎಂದು ಬರೆದುಕೊಂಡದ್ದು. ಓದಿದ ಗುರುತು ಇರುವುದನ್ನಾದರೂ ತೆರೆಯಬಹುದಿತ್ತು, ಅದೂ ಅವಳಿಗೆ ಸರಿಬರಲಿಲ್ಲ. ಬೇರೆಯವರ ಮನೆಯ ಅಟ್ಟ ಹತ್ತಿ ಟ್ರಂಕು ಬಿಚ್ಚಿದ ಹಾಗಾಗುತ್ತದೆ. ಪಟ್ಟಿ ಪೂರ್ತಿ ಬಂದಿದೆಯಲ್ಲ, ಸಾಕು, ಎಂದುಕೊಂಡು ಗುರುತು ಹಾಕಿದಳು. ಮರ್ಯಾದಸ್ಥ ಹೆಂಗಸು. ಆ ಮರ್ಯಾದೆಯನ್ನು ಏನೆಂದು ಬೈಯಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಶುಕ್ರವಾರ ಬಂತು. ಮಧ್ಯಾಹ್ನದ ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿ ಪಾವ್-ಚೂ ಯಂತ್ರದ ಮುಂದೆ ಕೂತಳು. ಬಹಳ ಜನ ಒಟ್ಟಿಗೆ ಬಳಸುವ ಯಂತ್ರವನ್ನು ಮನೆಯ ದೀಪ ಆರಿಸಿದ ಹಾಗೆ ಆರಿಸಲು ಬರುವುದಿಲ್ಲ. ಇದನ್ನು ಕಲಿಸಿದವರು ಶ್ಯೂ ಮೇಷ್ಟ್ರು. ಬೆಳ್ಳಕ್ಕಿಯನ್ನು ಕಟ್ಟಿದವರೇ ಅವರು, ತೀರಿಕೊಂಡು ಆಗಲೇ ಒಂಬತ್ತು ವರ್ಷ. ಮೊದಲು ಹೇಳು, ಆಮೇಲೆ ಕಾಯಿ, ಆಮೇಲೆ ಕಳಿಸು, ಆಮೇಲೆ ಬರೆಸು, ಕೊನೆಗೆ ನಿಲ್ಲಿಸು ಎನ್ನುತ್ತಿದ್ದರು. ಮಾತಿನ ಮಧ್ಯೆ ಯಾರನ್ನೂ ಕತ್ತರಿಸಬಾರದು. ಯಂತ್ರವೂ ಅಷ್ಟೆ, ಕೇಳಿದ್ದನ್ನೆಲ್ಲ ಆ ಕ್ಷಣಕ್ಕೇ ಡಿಸ್ಕಿನ ಮೇಲೆ ಬರೆಯುವುದಿಲ್ಲ, ತಲೆಯಲ್ಲಿ ಇಟ್ಟುಕೊಂಡು ಬಿಡುವಾದಾಗ ಬರೆಯುತ್ತದೆ. ಹಾಗಾಗಿ ನಿಲ್ಲಿಸುವ ಮುಂಚೆ, ತಲೆಯಲ್ಲಿರುವುದನ್ನೆಲ್ಲ ಬರೆದುಬಿಡು ಎಂದು ಅದಕ್ಕೆ ಮೂರು ಸಲ ಹೇಳಬೇಕು. ಒಂದೇ ಸಲ ಸಾಕಲ್ಲವೇ ಎಂದು ಅವಳು ಕೇಳಿದ್ದಕ್ಕೆ ಮೇಷ್ಟ್ರು, "ಒಂದು ಸಲ ಯಂತ್ರಕ್ಕೆ, ಇನ್ನೆರಡು ನಿನ್ನ ಎದೆ ಡವಡವಕ್ಕೆ," ಎಂದಿದ್ದರು.

ಎರಡು ಗಂಟೆಗೆ ಎಲ್ಲರ ಪರದೆಗೂ ಸುದ್ದಿ ಕಳಿಸಿದಳು. 'ಬೆಳ್ಳಕ್ಕಿ ಇವತ್ತು ಮೂರೂ ಮುಕ್ಕಾಲಿಗೆ ನಿಲ್ಲುತ್ತದೆ. ಬರೆಯುತ್ತಿರುವುದನ್ನು ಮುಗಿಸಿ ಹೊರಡಿ. ಇಷ್ಟು ವರ್ಷ ಬಂದದ್ದಕ್ಕೆ ಎಲ್ಲರಿಗೂ ಕೃತಜ್ಞತೆ.' ಒಳಗೆ ಹದಿನೇಳು ಮಂದಿ ಇದ್ದರು. ಆ ವರ್ಷದಲ್ಲೇ ಅಷ್ಟು ಮಂದಿ ಕೂಡಿದ್ದಿಲ್ಲ, ಸಾವಿನ ಮನೆಗೆ ಬಂದ ಹಾಗೆ ಬಂದಿದ್ದರು. ತಕ್ಷಣ ಅವಳ ಮೇಲೆ ನೀರುಚೆಂಡುಗಳು ಬಿದ್ದವು. ಒಬ್ಬರು ಇನ್ನೊಬ್ಬರ ಪರದೆಗೆ ಎಸೆಯುವ ಒಂದು ಸಾಲಿನ ಮಾತಿಗೆ ಆ ಕಟ್ಟೆಗಳಲ್ಲಿ ನೀರುಚೆಂಡು ಎಂದೇ ಹೆಸರು.

'ಅಕ್ಕಾ, ನನ್ನನ್ನ ಪಾಸು ಮಾಡಿಸಿದ್ದು ಈ ಕಟ್ಟೆ, ಫೇಲು ಮಾಡಿಸಿದ್ದೂ ಇದೇ,' ಎಂದು ಕಾವ್‌ಶ್ಯುಂಗಿನಿಂದ ಒಬ್ಬ ಎಸೆದ. ಅವನ ಹೆಸರು ಅಲ್ಲಿ ಬಾತುಕೋಳಿ. ಇನ್ನೊಬ್ಬಳು, 'ನಾನು ಹೊರಡಲ್ಲ, ಕತ್ತು ಹಿಡಿದು ನೂಕಿ ನೋಡೋಣ,' ಎಂದಳು. ಪಾವ್-ಚೂ, 'ಹತ್ತೊಂಬತ್ತು ವರ್ಷದ ಹಿಂದೆ ಹಾಸ್ಟೆಲಿನಿಂದಲೂ ನಿನ್ನನ್ನ ಹಾಗೇ ಕಳಿಸಿದ್ದು, ಮರೆತೆಯಾ,' ಎಂದು ತಿರುಗಿ ಎಸೆದಳು. ಒಬ್ಬೊಬ್ಬರಾಗಿ ಹೊರಟರು. ಮೂರೂವರೆಗೆ ಪಟ್ಟಿಯಲ್ಲಿ ಉಳಿದದ್ದು ಎರಡು ಹೆಸರು, ಎರಡೂ ಒಂದೇ ಮನೆಯವು, ತೂ ಚಿನ್-ಶುಯ್ ಮತ್ತು ಸೂ-ಲ್ವಾನ್.

ಚಿನ್-ಶುಯ್ ಎಸೆದ. 'ಪಾವ್-ಚೂ, ಹತ್ತು ನಿಮಿಷ ಕೊಡು. ಮುಂದಿನ ಸೋಮವಾರದ್ದನ್ನ ಇವತ್ತೇ ಓದಿಬಿಡ್ತೀನಿ. ಅವಳು ಬರೆದ ಜಾಗದಲ್ಲೇ ಕೊನೇದೊಂದು ಓದೋಣ ಅಂತ.'

'ಓದಿ ಅಣ್ಣ. ನಾನು ಕಾಯ್ತೀನಿ.'

ಅಷ್ಟರಲ್ಲಿ ಫಾಂಗ್ ಬಾಗಿಲು ತಳ್ಳಿ ಒಳಗೆ ಬಂದ. ಹಿಂದೆ ವಿದ್ಯುತ್ ಕಂಪನಿಯವನೊಬ್ಬ ಮೀಟರು ಬಿಚ್ಚುವ ಚೀಲ ಹಿಡಿದು ನಿಂತಿದ್ದ.

"ಆಯ್ತಾ ಅಕ್ಕಾ?"

"ಒಬ್ಬರಿದಾರೆ."

"ಒಬ್ಬರು ತಾನೇ, ತೆಗೆದುಹಾಕಿ. ಇವರಿಗೆ ಇನ್ನೂ ಎರಡು ಕಡೆ ಹೋಗಬೇಕಂತೆ."

"ಹತ್ತು ನಿಮಿಷ ಕೇಳಿದಾರೆ ಫಾಂಗ್. ನಾಲ್ಕಕ್ಕೆ ಅಂದವರು ನೀವೇ. ಗಡಿಯಾರ ನೋಡಿ, ಮೂರೂ ನಲವತ್ತು."

ಫಾಂಗ್ ಕೆಟ್ಟವನಲ್ಲ. ಕೆಲಸ ಕಳೆದುಕೊಂಡ ಅರವತ್ತು ಮಂದಿಯ ಬೈಗುಳ ಒಬ್ಬನೇ ತಿಂದು ತಿಂದು ಅವನ ಮುಖವೂ ಬಾಡಿಹೋಗಿತ್ತು. "ಸರಿ, ಆದರೆ ಬೇಗ ಅಂತ ಹೇಳಿ," ಎಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತ. ಕಂಪನಿಯವನು ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಿದ. ಇವರ ಕಾಟ ತಡೆಯಲಾರದೆ ಪಾವ್-ಚೂ ಒಂದು ನೀರುಚೆಂಡು ಎಸೆದಳು. 'ತೂ ಅಣ್ಣ, ಕರೆಂಟಿನವರು ಬಂದು ನಿಂತಿದಾರೆ. ಅವಸರ ಇಲ್ಲ, ಸುಮ್ಮನೆ ಹೇಳಿದೆ.' ಎಸೆದ ಮೇಲೆ, ಅವಸರವಿಲ್ಲದಿದ್ದರೆ ಯಾಕೆ ಹೇಳಬೇಕಿತ್ತು ಎಂದು ತನ್ನನ್ನೇ ಬೈದುಕೊಂಡಳು. ಆಡಿದ್ದು ಆಡಿಯಾಗಿತ್ತು.

ನಾಲ್ಕು ನಿಮಿಷಕ್ಕೇ ಉತ್ತರ ಬಂತು. 'ಓದಿದೆ. ಇವತ್ತಿಂದು ಸ್ವಲ್ಪ ಉದ್ದ ಇತ್ತು. ಇರಲಿ, ಸೋಮವಾರ ಮನೇಲಿ ಇನ್ನೊಂದು ಸಲ ಓದ್ತೀನಿ. ನಾನು ಹೊರಟೆ ಕಣಮ್ಮಾ. ಇವಳನ್ನ ಕಳಿಸೋದು ನನ್ನ ಕೈಲಿ ಆಗಲ್ಲ, ನೀನೇ ಕಳಿಸು.' ಅವನ ಹೆಸರು ಪಟ್ಟಿಯಿಂದ ಅಳಿಸಿಹೋಯಿತು.

ಉಳಿದದ್ದು ಸೂ-ಲ್ವಾನ್ ಒಬ್ಬಳೇ. ಜೋರಾಗಿ ಕಿತ್ತುಹಾಕುವ ಆಜ್ಞೆಯೂ ಇತ್ತು, ಮೆಲ್ಲಗೆ ಹೊರಡಿ ಎನ್ನುವ ಆಜ್ಞೆಯೂ ಇತ್ತು. ಪಾವ್-ಚೂ ಮೆಲ್ಲಗಿನದನ್ನೇ ಕೊಟ್ಟಳು. ಒಳಗೆ ಈಗ ಯಾರೂ ಇಲ್ಲ ಎಂದು ಯಂತ್ರ ಹೇಳಿತು. ಬರೆದುಬಿಡು ಎಂದು ಟೈಪು ಮಾಡಿ ಕಾದಳು. ಎರಡನೆಯ ಸಲ ಟೈಪು ಮಾಡಿ ಕಾದಳು. ಮೂರನೆಯ ಸಲವೂ ಮಾಡಿದಳು. ಡಿಸ್ಕುಗಳು ಗಿರಗುಟ್ಟಿ ಸುಮ್ಮನಾದವು. ಆಮೇಲೆ ನಿಲ್ಲು ಎಂದಳು. ಹನ್ನೆರಡು ವರ್ಷದಿಂದ ಒಂದು ದಿನವೂ ನಿಲ್ಲದೆ ತಿರುಗಿದ್ದ ತಟ್ಟೆಗಳು ಸದ್ದು ಇಳಿಸುತ್ತ ಇಳಿಸುತ್ತ ನಿಂತವು. ಕೋಣೆಯಲ್ಲಿ ಕಂಪನಿಯವನ ಚೀಲದೊಳಗಿನ ಸ್ಪ್ಯಾನರುಗಳ ಸದ್ದು ಮಾತ್ರ ಕೇಳಿತು.

"ಎಲ್ಲಾ ಸರಿಯಾಗಿ ಆಯ್ತಲ್ಲಕ್ಕಾ?" ಎಂದ ಫಾಂಗ್.

"ಪುಸ್ತಕದಲ್ಲಿ ಬರೆದಿಡೋ ಹಾಗೆ ಆಯ್ತು," ಎಂದಳು ಪಾವ್-ಚೂ. ಅವಳಿಗೆ ಅಳು ಬಂತು, ಜೊತೆಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಸೋಮವಾರ ಮಧ್ಯಾಹ್ನ ಚಿನ್-ಶುಯ್ ಹೇಳಿದ ಹಾಗೇ ಟೀ ಕುದಿಸಿಟ್ಟಿದ್ದ. ಸೀಬೆಹಣ್ಣು ಹೆಚ್ಚಿ, ಮೇಲೆ ಪ್ಲಮ್ ಪುಡಿ ಉದುರಿಸಿದ್ದ. ಬಿಳಿ ಅಂಗಿ ಹಾಕಿಕೊಂಡಿದ್ದ, ಮುಖ ಕ್ಷೌರ ಮಾಡಿಕೊಂಡಿದ್ದ.

"ಏನು ತೂ ಅಣ್ಣ, ಹೆಣ್ಣು ನೋಡೋಕೆ ಹೊರಟ ಹಾಗಿದೀರಿ?"

"ಹೆಂಡತೀನ ಮನೆಗೆ ಕರ್ಕೊಂಡು ಬರ್ತಿದಾರೆ ಕಣಮ್ಮಾ. ಆರು ವರ್ಷ ಬೇರೆಯವರ ಮನೇಲಿ ಬಿಟ್ಟಿದ್ದೆ. ಗಡ್ಡ ಬಿಟ್ಕೊಂಡು ಕೂತ್ರೆ ಬೈಯೋದಿಲ್ವಾ?"

ಅವಳು ನಕಲು ತುಂಬಿ ತಂದಿದ್ದ ಚಿಕ್ಕ ಪೆನ್‌ಡ್ರೈವ್ ಕಡ್ಡಿಯನ್ನು ಅವನ ಯಂತ್ರಕ್ಕೆ ಸಿಕ್ಕಿಸಿ, ಬೆಳ್ಳಕ್ಕಿಯ ಪೆಟ್ಟಿಗೆಯಂತೆಯೇ ತೆರೆದುಕೊಳ್ಳುವ ಹಾಗೆ ಜೋಡಿಸಿಕೊಟ್ಟಳು. ಪಟ್ಟಿ ಬಂತು. ಚುಕ್ಕಿಗಳು ಎದ್ದವು. ಅವನ ಬೆರಳು ತಾರೀಖುಗಳ ಮೇಲೆ ಓಡುತ್ತ ಹೋಗಿ ಒಂದು ಕಡೆ ನಿಂತಿತು.

"ಇದೇ, ಶುಕ್ರವಾರ ಓದಿದ್ದು. ಮೊದಲು ಇದನ್ನೇ ಇನ್ನೊಂದು ಸಲ ಓದ್ತೀನಿ." ಕೀಲಿ ಒತ್ತಿದ. ಬೆರಳಿಟ್ಟು ಕಾದ. "ಏನೋ ಖಾಲಿ ಬರ್ತಿದೆಯಲ್ಲಮ್ಮ."

"ಇನ್ನೊಂದು ಸಲ ಒತ್ತಿ."

ಒತ್ತಿದ. ಚುಕ್ಕಿ ಏಳಲಿಲ್ಲ. ಪಾವ್-ಚೂ ಪರದೆ ನೋಡಿದಳು. ಕಾಗದ ಇರಬೇಕಾದ ಜಾಗದಲ್ಲಿ, ಅಂಥದ್ದು ಸಿಗಲಿಲ್ಲ ಎಂಬ ಒಂದೇ ಸಾಲು. ಅದರ ಹಿಂದಿನದನ್ನು ತೆರೆದಳು. ಸಿಗಲಿಲ್ಲ. ಮುಂದಿನದನ್ನು, ಅದರ ಮುಂದಿನದನ್ನು, ಮೊಟ್ಟಮೊದಲನೆಯದನ್ನು, ಕಟ್ಟಕಡೆಯದನ್ನು ತೆರೆದಳು. ಪಟ್ಟಿಯನ್ನು ಬಿಟ್ಟು ಪೆಟ್ಟಿಗೆಯ ಒಳಗನ್ನೇ ಬಗೆದು ನೋಡಿದಳು. ಅಲ್ಲಿ ಕಾಗದಗಳಿರಲಿಲ್ಲ. ಒಂದು ಕೈಮರ ಇತ್ತು.

ಕೈಮರ ಎಂದೇ ಹೇಳಬೇಕು. ಕಾಗದಗಳು ಇಲ್ಲಿಲ್ಲ, ಎರಡನೆಯ ಡಿಸ್ಕಿನಲ್ಲಿವೆ, ಅತ್ತ ಹೋಗಿ ಎಂದು ದಾರಿ ತೋರಿಸುವ ಒಂದೇ ಒಂದು ಸಾಲು. ಆಗ ಅವಳಿಗೆ ನೆನಪಾಯಿತು. ಹನ್ನೆರಡು ವರ್ಷದ ಹಿಂದೆ ಮೊದಲ ಡಿಸ್ಕು ತುಂಬಿ ತುಳುಕಿದಾಗ ಶ್ಯೂ ಮೇಷ್ಟ್ರು ಇನ್ನೊಂದನ್ನು ತಂದು ಸಿಕ್ಕಿಸಿದ್ದರು. ಬಹಳ ಬರೆಯುವ ನಾಲ್ಕಾರು ಮಂದಿಯ ಕಾಗದಗಳನ್ನು ಅದಕ್ಕೆ ಸಾಗಿಸಿ ಹಳೆಯ ಜಾಗದಲ್ಲಿ ಕೈಮರ ನೆಡು ಎಂದಿದ್ದರು. ಆ ಮಂದಿ ಆಮೇಲೆ ಬರೆದದ್ದೂ ಎರಡನೆಯದಕ್ಕೇ ಹೋಗುತ್ತಿತ್ತು, ಪಟ್ಟಿ ಮಾತ್ರ ಹಳೆಯ ಜಾಗದಲ್ಲೇ ಉಳಿದಿತ್ತು. ನೆಟ್ಟವಳು ಇವಳೇ, ಇದೇ ಕೈ. ಆ ನಾಲ್ಕಾರು ಮಂದಿಯಲ್ಲಿ ಈಗ ಕಟ್ಟೆಗೆ ಬರುತ್ತಿದ್ದವಳು ಸೂ-ಲ್ವಾನ್ ಒಬ್ಬಳೇ. ಬೆಳ್ಳಕ್ಕಿ ತಿರುಗುತ್ತಿರುವವರೆಗೆ ಯಂತ್ರ ತಾನೇ ಕೈಮರ ನೋಡಿ ಅತ್ತ ಹೋಗಿ ಕಾಗದ ತಂದುಕೊಡುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಾವ್-ಚೂ ನಕಲು ಮಾಡಿದ್ದು ಕೈಮರವನ್ನು. ಒಂದೇ ಒಂದು ಕಾಗದ ತೆರೆದು ನೋಡಿದ್ದರೆ ಬುಧವಾರವೇ ಗೊತ್ತಾಗುತ್ತಿತ್ತು.

"ಏನಮ್ಮಾ, ಏನಾಗಿದೆ?"

"ತಪ್ಪಾಗಿದೆ ತೂ ಅಣ್ಣ. ನನ್ನದೇ ತಪ್ಪು. ನಾನು ಪಟ್ಟಿ ಮಾತ್ರ ತಂದಿದೀನಿ. ಕಾಗದ ಅಲ್ಲೇ ಇದಾವೆ, ಡಿಸ್ಕಿನಲ್ಲಿ. ಈಗಲೇ ಹೋಗಿ ತರ್ತೀನಿ."

"ಅಲ್ಲೇ ಇದಾವೆ ತಾನೇ?"

"ಅಲ್ಲೇ ಇದಾವೆ."

"ಹಾಗಾದ್ರೆ ದನಿ ಯಾಕೆ ಸಣ್ಣಗೆ ಮಾಡ್ಕೋತೀಯ. ಸೀಬೆಹಣ್ಣು ತಿನ್ಕೊಂಡು ಹೋಗು."

ಅವಳು ತಿನ್ನಲಿಲ್ಲ. ಸ್ಕೂಟರ್ ಹತ್ತಿ ಕಾಲೇಜಿಗೆ ಹೋದಳು. ಫಾಂಗ್ ಬೀಗ ತೆಗೆದುಕೊಟ್ಟ. ಕರೆಂಟಿಲ್ಲದ ಕೋಣೆ ಅಷ್ಟು ವರ್ಷದಲ್ಲಿ ಮೊದಲ ಸಲ ಬೆವರು ಬರಿಸುವಷ್ಟು ಸೆಕೆಯಾಗಿತ್ತು. ಅವನಿಗೆ ಟಾರ್ಚು ಹಿಡಿಯಲು ಹೇಳಿ, ಎರಡನೆಯ ಡಿಸ್ಕನ್ನು ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಮನೆಗೆ ತಂದು ತನ್ನ ಯಂತ್ರಕ್ಕೆ ಜೋಡಿಸಿದಳು. ಗುಂಡಿ ಒತ್ತಿದಳು. ಡಿಸ್ಕು ಟಿಕ್ ಎಂದಿತು. ಮತ್ತೆ ಟಿಕ್ ಎಂದಿತು. ತಿರುಗಲಿಲ್ಲ.

ವರ್ಷಗಟ್ಟಲೆ ನಿಲ್ಲದೆ ತಿರುಗಿದ ಹಳೆಯ ಡಿಸ್ಕುಗಳಿಗೆ ಹೀಗಾಗುವುದುಂಟು. ತಿರುಗುತ್ತಿದ್ದರೆ ಇನ್ನೂ ಹತ್ತು ವರ್ಷ ತಿರುಗಿಯಾವು. ಒಮ್ಮೆ ನಿಂತರೆ ಓದುವ ಮುಳ್ಳು ತಟ್ಟೆಗೆ ಅಂಟಿಕೊಳ್ಳುತ್ತದೆ, ಆಮೇಲೆ ಬ್ರಹ್ಮ ಬಂದರೂ ಏಳುವುದಿಲ್ಲ. ಇದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅದಕ್ಕೆಂದೇ ಬುಧವಾರ ಎಲ್ಲವನ್ನೂ ನಕಲು ಮಾಡಿಟ್ಟುಕೊಂಡು, ಶುಕ್ರವಾರ ನಿರಾಳವಾಗಿ ನಿಲ್ಲು ಎಂದಿದ್ದಳು.

ತೈಚುಂಗಿನಲ್ಲಿ ಇಂಥ ಡಿಸ್ಕು ಬಿಚ್ಚಿ ನೋಡುವವರಿದ್ದರು. ಮಂಗಳವಾರ ಬೆಳಗಿನ ರೈಲಿಗೇ ಹೋಗಿ ಕೊಟ್ಟುಬಂದಳು. ಗುರುವಾರ ಅಲ್ಲಿಂದ ಒಬ್ಬ ಹೆಂಗಸು ಫೋನು ಮಾಡಿ, ನಿಧಾನವಾಗಿ, ಆಸ್ಪತ್ರೆಯವರ ದನಿಯಲ್ಲಿ ಹೇಳಿದಳು. "ಮೇಡಂ, ಬಿಚ್ಚಿ ನೋಡಿದ್ವಿ. ಗುಂಡಿ ಒತ್ತಿದಾಗ ಮುಳ್ಳು ಅಂಟಿಕೊಂಡಿದ್ದ ಕಡೆ ತಟ್ಟೆ ಮೇಲಿನ ಪದರವೇ ಕಿತ್ತು ಬಂದುಬಿಟ್ಟಿದೆ. ಪುಡಿ ಎಲ್ಲಾ ಕಡೆ ಎರಚಿದೆ. ಒಂದು ಸಾಲೂ ಬರಲ್ಲ. ಬರತ್ತೆ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ." ಗುಂಡಿ ಒತ್ತಿದವಳೂ ತಾನೇ ಎಂದು ಪಾವ್-ಚೂ ಆ ಹೆಂಗಸಿಗೆ ಹೇಳಲಿಲ್ಲ.

ಫೋನಿನಲ್ಲಿ ಹೇಳಿಬಿಡೋಣ ಎಂದು ಮೊದಲು ಅನ್ನಿಸಿತು. ಇನ್ನೂ ರಿಪೇರಿ ಮಾಡ್ತಿದಾರೆ ಎಂದು ಒಂದೆರಡು ತಿಂಗಳು ತಳ್ಳೋಣ ಎಂದೂ ಅನ್ನಿಸಿತು. ಅವನಿಗೆ ಅರವತ್ತೆಂಟು, ತಳ್ಳುತ್ತ ಹೋದರೆ ತಳ್ಳಿಕೊಂಡೇ ಹೋಗಬಹುದು. ಇಂಥ ಯೋಚನೆ ಬಂದದ್ದಕ್ಕೆ ತನ್ನ ಮೇಲೇ ಅಸಹ್ಯಪಟ್ಟುಕೊಂಡು ಅವಳು ಸಂಜೆ ಅಂಗಡಿಗೆ ಹೋದಳು. ಒಬ್ಬ ಗಿರಾಕಿ ಬೋರಲು ಮಲಗಿದ್ದ. ಚಿನ್-ಶುಯ್ ಅವಳ ಹೆಜ್ಜೆ ಸದ್ದು ಕೇಳಿಯೇ ಗುರುತಿಸಿದ. ಗಿರಾಕಿಗೆ, "ಒಂದು ನಿಮಿಷ ಉಸಿರಾಡ್ತಾ ಇರಿ," ಎಂದು ಟವೆಲು ಹೊದಿಸಿ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಕೈಮರದ ವಿಷಯ, ಒಂದನ್ನೂ ತೆರೆದು ನೋಡದ ವಿಷಯ, ಡಿಸ್ಕು ಏಳದ ವಿಷಯ. ಏನನ್ನೂ ಬಿಡಲಿಲ್ಲ. ಅವನು ಬೈದಿದ್ದರೆ ಒಳ್ಳೆಯದಿತ್ತು, ಬೈಯಲಿಲ್ಲ. ಅಂಗಡಿಯ ಮುಂದಿದ್ದ ಪ್ಲಾಸ್ಟಿಕ್ ಸ್ಟೂಲನ್ನು ಕೈಯಿಂದ ತಡವಿ ಹುಡುಕಿ ಕೂತ.

"ಮುನ್ನೂರ ಇಪ್ಪತ್ತೂ ಹೋದವಾ?"

"ಎಲ್ಲಾ ಹೋದವು ಅಣ್ಣ."

"ಓದಿರೋವು ಪರವಾಗಿಲ್ಲ. ಅವು ನನ್ನ ಬೆರಳಲ್ಲಿವೆ. ವಾರ ಪೂರ್ತಿ ಅದನ್ನೇ ನೆನೆಸ್ಕೊಂಡು ಇರ್ತಿದ್ದೆನಲ್ಲ." ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ಒಂದೇ ಸಲಕ್ಕೆ ಎಲ್ಲಾ ಓದಿಬಿಟ್ಟಿದ್ರೆ ಆಗ್ತಿತ್ತು. ಮಾತು ಕೊಟ್ಟಿದ್ದೆ, ಅದಕ್ಕೇ ಹಾಗೆ ಮಾಡಲಿಲ್ಲ. ಕೊಟ್ಟ ಮಾತು ನಡೆಸಿದ್ದಕ್ಕೆ ಹೀಗಾಯ್ತು ಅಂದ್ರೆ ಅವಳು ನಗ್ತಾಳೆ."

ಏನಾದರೂ ಹೇಳಬೇಕಲ್ಲ ಎಂದು ಪಾವ್-ಚೂ ಬಾಯಿಗೆ ಬಂದದ್ದನ್ನು ಕೇಳಿಬಿಟ್ಟಳು. "ಶುಕ್ರವಾರ ಒಂದನ್ನ ಓದಿದ್ರಲ್ಲ ಅಣ್ಣ. ಕೊನೇದು. ಅದರಲ್ಲಿ ಏನು ಬರೆದಿದ್ರು?"

ಅವನು ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದ. ಹೇಳಲೋ ಬೇಡವೋ ಎಂದು ಅಳೆಯುತ್ತಿದ್ದ ಹಾಗಿತ್ತು.

"ಕರೆಂಟಿನವರು ಬಂದಿದಾರೆ ಅಂದೆಯಲ್ಲಮ್ಮ," ಎಂದ. "ನಿಮ್ಮನ್ನೆಲ್ಲ ಕಾಯಿಸ್ತಿದೀನಿ ಅಂತ ಸಂಕೋಚ ಆಯ್ತು. ಹೇಗೂ ಮನೆಗೆ ಬರ್ತದೆ, ಆಮೇಲೆ ಓದೋಣ ಅಂತ ಬೆರಳು ಹಾಗೇ ಓಡಿಸಿಬಿಟ್ಟೆ. ಏನಿತ್ತು ಅಂತ ಗೊತ್ತಿಲ್ಲ."

ಒಳಗಿನಿಂದ ಗಿರಾಕಿ, ಅಣ್ಣಾ, ಬೆನ್ನು ತಣ್ಣಗಾಗ್ತಿದೆ ಎಂದು ಕೂಗಿದ. ಚಿನ್-ಶುಯ್ ಬಂದೆ ಎಂದು ಹೇಳಿ, ಗೋಡೆ ಹಿಡಿದು ಎದ್ದು ಒಳಗೆ ಹೋದ.